ಖಾಲಿ ಅಡುಗೆಮನೆಯ ಬೆಂಕಿ

ಆರಿಹೋದ ಬೆಂಕಿಯನ್ನು ಮತ್ತೆ ಹೊತ್ತಿಸಿ, ಅದು ಎಲ್ಲಿ ಹುಟ್ಟಿತು, ಯಾರ ಕೈತಪ್ಪಿನಿಂದ ಹುಟ್ಟಿತು ಎಂದು ಹೇಳುವ ಯಂತ್ರವೊಂದು ಬಂದರೆ ಏನಾದೀತು? ಧಾರವಾಡಕ್ಕೆ ಮರುಜ್ವಾಲೆ ಎಂಬ ಹೆಸರಿನ ಅಂಥದೊಂದು ಬಂತು. ಮೊದಲು ಪತ್ರಿಕೆಗಳು ಅದನ್ನು ಹೊಗಳಿದವು, ಆಮೇಲೆ ನ್ಯಾಯಾಲಯಗಳು ನಂಬಿದವು, ಕೊನೆಗೆ ಅತ್ತೆಯರು ಬಾಯಿಗೆ ತೆಗೆದುಕೊಂಡರು. ಹಾಲು ಉಕ್ಕಿದರೆ ಸಾಕು, "ಏನವಾ, ಮರುಜ್ವಾಲೆ ಹಾಕಸ್ಲೇನು?" ಎಂದು ಸೊಸೆಯನ್ನು ಕೇಳುವುದು ಹುಬ್ಬಳ್ಳಿಯ ಓಣಿಗಳಲ್ಲಿ ದಿನದ ಮಾತಾಯಿತು. ಶಾಲೆಯ ಹುಡುಗರು ಕೂಡ ಒಡೆದ ಸ್ಲೇಟಿನ ಜಗಳಕ್ಕೆ ಅದೇ ಹೆಸರು ಹೇಳಿ ಹೆದರಿಸುತ್ತಿದ್ದರು.

ಯಂತ್ರ ಎಂದೆ, ನಿಜವಾಗಿ ಅದು ಯಂತ್ರವಲ್ಲ. ಊರ ಹೊರಗಿನ ಜ್ವಾಲಾ ವಿಶ್ಲೇಷಣಾ ಕೇಂದ್ರದ ತಣ್ಣನೆಯ ಹಾಲ್‌ನಲ್ಲಿ ಸಾಲಾಗಿ ನಿಂತ ಕಂಪ್ಯೂಟರುಗಳಲ್ಲಿ ಓಡುವ ಒಂದು ಲೆಕ್ಕ. ಲೆಕ್ಕ ಎಂದರೆ ಜನ ಸಂಶಯಪಡುತ್ತಾರೆ, ಕಿರಾಣಿ ಅಂಗಡಿಯವನ ಲೆಕ್ಕವನ್ನು ಎರಡು ಸಲ ಕೂಡಿ ನೋಡುತ್ತಾರೆ. ಯಂತ್ರ ಎಂದರೆ ಕೈಮುಗಿಯುತ್ತಾರೆ.

ಲೆಕ್ಕದ ಬಗೆ ಇಷ್ಟೇ. ಅಡುಗೆಮನೆಯಲ್ಲಿ ಗ್ಯಾಸ್ ಸೋರಿದ ಕೂಡಲೇ ಏನೂ ಆಗುವುದಿಲ್ಲ. ಅದು ಗಾಳಿಯೊಂದಿಗೆ ಬೆರೆತು ಕೋಣೆ ತುಂಬಿಕೊಂಡು ಕೂತಿರುತ್ತದೆ. ಯಾರೋ ಲೈಟಿನ ಗುಂಡಿ ಒತ್ತುತ್ತಾರೆ, ಸಣ್ಣ ಕಿಡಿ ಹಾರುತ್ತದೆ, ಅಲ್ಲಿಂದ ಬೆಂಕಿಯ ತೆಳ್ಳನೆಯ ಹಾಳೆಯೊಂದು ಹೊರಟು ಬೆರೆತ ಗ್ಯಾಸನ್ನು ತಿನ್ನುತ್ತಾ ಹೋಗುತ್ತದೆ. ಗಾಳಿ ಸ್ತಬ್ಧವಾಗಿದ್ದರೆ ಅದರ ನಡೆ ಅಂಬೆಗಾಲಿಡುವ ಕೂಸಿನ ನಡೆ. ಗಾಳಿಯಲ್ಲಿ ಸುಳಿ ಎದ್ದರೆ ಹಾಳೆ ಸುಕ್ಕಾಗುತ್ತದೆ. ಸುಕ್ಕಾದಷ್ಟೂ ಅದರ ಮೈ ದೊಡ್ಡದಾಗುತ್ತದೆ, ಒಮ್ಮೆಲೇ ಹೆಚ್ಚು ಗ್ಯಾಸ್ ತಿನ್ನುತ್ತದೆ, ಇನ್ನಷ್ಟು ವೇಗ ಹಿಡಿಯುತ್ತದೆ. ಬಾಗಿಲು ಹಾರುವುದು ಆ ವೇಗಕ್ಕೆ.

ಕಂಪ್ಯೂಟರು ಕೋಣೆಯನ್ನು ಬೆರಳಗಲದ ತುಂಡುಗಳಾಗಿ ಕತ್ತರಿಸಿ ಒಂದೊಂದರಲ್ಲೂ ಲೆಕ್ಕ ಹಾಕುತ್ತದೆ. ಬೆಂಕಿಯ ಹಾಳೆಯಾದರೋ ಉಗುರಿಗಿಂತ ತೆಳು. ತುಂಡಿನ ಒಳಗೇ ಅಡಗಿದ ಸುಕ್ಕುಗಳು ಕಂಪ್ಯೂಟರಿಗೆ ಕಾಣುವುದಿಲ್ಲ, ಅವುಗಳಿಗೆ ಒಂದು ಅಂದಾಜಿನ ಸೂತ್ರ ಬೇಕು. ಆ ಸೂತ್ರವನ್ನು ಬರೆದವಳು ಡಾಕ್ಟರ್ ನೀಲಾಂಬಿಕಾ ಯಲಿಗಾರ. ಬೆಂಕಿಯನ್ನು ಹಿಂದಕ್ಕೆ ಓಡಿಸಲು ಯಾರಿಂದಲೂ ಆಗದು. ಆದ್ದರಿಂದ ಅವಳ ಮರುಜ್ವಾಲೆ ಸಾವಿರಾರು ಬೆಂಕಿಗಳನ್ನು ಬೇರೆ ಬೇರೆ ಬಗೆಯಲ್ಲಿ ಮುಂದಕ್ಕೆ ಓಡಿಸಿ ನೋಡುತ್ತಿತ್ತು. ಬಾಗಿಲು ಎಷ್ಟು ದೂರ ಬಿದ್ದಿತ್ತು, ಕೊಡ ಎಷ್ಟು ನೆಗ್ಗಿತ್ತು, ಗೋಡೆ ಎಲ್ಲಿ ಬಿರಿದಿತ್ತು ಎಂಬುದಕ್ಕೆ ಯಾವ ಬೆಂಕಿ ಸರಿಹೊಂದುತ್ತದೋ ಅದೇ ನಡೆದ ಬೆಂಕಿ. ಆಗ ಗ್ಯಾಸ್ ಎಷ್ಟು ಸೋರಿತ್ತು, ಎಷ್ಟು ಹೊತ್ತು ಸೋರಿತ್ತು ಎಂಬುದೂ ತಿಳಿಯುತ್ತಿತ್ತು.

ಸೂತ್ರ ಸರಿಯಿದೆಯೇ ಎಂದು ನೋಡಲು ಕೇಂದ್ರದ ಹಿತ್ತಲಲ್ಲಿ ಕಾಂಕ್ರೀಟಿನ ಒಂದು ಅಡುಗೆಮನೆ ಕಟ್ಟಿಸಿದರು. ಕಟ್ಟುವ ಎಂಜಿನಿಯರ್, "ಮೇಡಮ್, ಅಡಗೀಮನಿ ಅಂದ್ರ ಹೆಂಗಿರಬೇಕು?" ಎಂದು ಕೇಳಿದ್ದ. ನೀಲಾಂಬಿಕಾ ಮನೆಗೆ ಹೋಗಿ ಟೇಪು ಹಿಡಿದು ತನ್ನದನ್ನೇ ಅಳೆದು ತಂದಳು. ಕಟ್ಟೆ, ಕಿಟಕಿ, ಬಾಗಿಲು ಹಾಕಿದ ಕಪಾಟುಗಳು. ಪಾತ್ರೆ ಪಡಗವೆಲ್ಲ ಕಪಾಟಿನೊಳಗೆ, ನಡುವೆ ಓಡಾಡಲು ಬೇಕಾದಷ್ಟು ಜಾಗ. ಆ ಕೋಣೆಯಲ್ಲಿ ಮತ್ತೆ ಮತ್ತೆ ಗ್ಯಾಸ್ ತುಂಬಿಸಿ ಸಿಡಿಸಿದರು. ಪ್ರತಿ ಸಲವೂ ಅವಳ ಲೆಕ್ಕ ಮತ್ತು ನಿಜದ ಬೆಂಕಿ ಅಕ್ಕತಂಗಿಯರಂತೆ ಹೊಂದಿಕೊಂಡವು.

ಫಕ್ಕೀರವ್ವ ಬಾರಕೇರ ಎಂಬವಳ ಪ್ರಕರಣ ಮರುಜ್ವಾಲೆಗೆ ಹೆಸರು ತಂದ ಪ್ರಕರಣ. ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ ಅವಳ ಮನೆ. ಇರುವುದೇ ಒಂದು ಕೋಣೆ, ಅದರಲ್ಲೇ ಅಡುಗೆ. ಗಂಡ ನಾಗಪ್ಪ ಮಾರುಕಟ್ಟೆಯಲ್ಲಿ ಹಮಾಲಿ. ನಾದಿನಿ ದ್ಯಾಮವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಒಂದು ಸಂಜೆ ಫಕ್ಕೀರವ್ವ ಅಡುಗೆ ಮುಗಿಸಿ ನಳಕ್ಕೆ ನೀರಿಗೆ ಹೋದಾಗ ದ್ಯಾಮವ್ವ ಒಳಗೆ ಬಂದು ಲೈಟು ಹಾಕಿದಳು. ಅವಳೂ ಉಳಿಯಲಿಲ್ಲ, ಹೊಟ್ಟೆಯ ಕೂಸೂ ಉಳಿಯಲಿಲ್ಲ.

"ನಾ ಒಲಿ ಬಂದ್ ಮಾಡೇನ್ರಿ. ಕೈಯಾರೆ ತಿರುವೇನಿ," ಎಂದು ಫಕ್ಕೀರವ್ವ ಪೊಲೀಸರಿಗೂ ಹೇಳಿದಳು, ನ್ಯಾಯಾಧೀಶರಿಗೂ ಹೇಳಿದಳು. ಮರುಜ್ವಾಲೆ ಬೇರೆ ಹೇಳಿತು. ಇಷ್ಟು ಹಾವಳಿಯಾಗಬೇಕಾದರೆ ಒಲೆಯ ಗುಂಡಿ ಪೂರ್ತಿ ತೆರೆದೇ ಇರಬೇಕು, ಅವಳು ಹೊರಗೆ ಹೋದಾಗಿನಿಂದ ಲೈಟು ಹಾಕುವವರೆಗೂ ಸೋರಿರಬೇಕು. ನ್ಯಾಯಾಲಯದಲ್ಲಿ ದೊಡ್ಡ ಪರದೆಯ ಮೇಲೆ ಚಿತ್ರ ತೋರಿಸಿದರು. ಹಸಿರು ಸೀರೆಯ ಹೆಂಗಸೊಬ್ಬಳು ಒಲೆಯ ಮುಂದಿನಿಂದ ಏಳುತ್ತಾಳೆ, ಗುಂಡಿ ಮುಟ್ಟದೆ ಕೊಡ ಎತ್ತಿಕೊಂಡು ಹೋಗುತ್ತಾಳೆ, ನೀಲಿ ಮಂಜಿನಂತೆ ಗ್ಯಾಸು ಕೋಣೆ ತುಂಬುತ್ತದೆ. ವಕೀಲರು ಅದನ್ನು ಮತ್ತೆ ಮತ್ತೆ ಹಾಕಿಸಿದರು. ಕೊನೆಗೆ ಫಕ್ಕೀರವ್ವ ತಲೆ ತಗ್ಗಿಸಿ, "ಇರಬಹುದ್ರಿ," ಎಂದಳು. ನಿರ್ಲಕ್ಷ್ಯವೆಂದು ತೀರ್ಪಾಯಿತು. ಮನೆಯವರೇ ಕೈಮುಗಿದು ಬೇಡಿಕೊಂಡದ್ದಕ್ಕೆ ಜೈಲು ತಪ್ಪಿತು. ಗ್ಯಾಸ್ ಕೊಟ್ಟವರ ಮೇಲೆ ಯಾವ ಹೊಣೆಯೂ ಬರಲಿಲ್ಲ.

ಅಂದು ಟಿವಿಯಲ್ಲಿ ಮಗಳ ಮುಖ ಕಂಡು ನೀಲಾಂಬಿಕಾಳ ತಾಯಿ ಶಿವಲೀಲವ್ವ ಅಪಾರ್ಟ್‌ಮೆಂಟಿನ ಮನೆಮನೆಗೂ ಸಕ್ಕರೆ ಹಂಚಿದಳು. ಇತ್ತ ಫಕ್ಕೀರವ್ವಳ ಅತ್ತೆ ಯಲ್ಲವ್ವ ಸೊಸೆಯ ಕೈಯ ನೀರು ಬಿಟ್ಟಳು. ಬಾಯಾರಿದರೆ ಪಕ್ಕದ ಮನೆಗೆ ಹೋಗಿ ಕುಡಿಯುತ್ತಿದ್ದಳು.

ಹೀಗೆ ವರ್ಷಗಳು ಹೋದವು. ಮರುಜ್ವಾಲೆ ಬೇರೆ ಜಿಲ್ಲೆಗಳಿಗೂ ಹೋಯಿತು, ಅದರ ತೀರ್ಪುಗಳು ನೂರುಗಟ್ಟಲೆಯಾದವು.

ಒಂದು ಬೇಸಿಗೆಯ ರವಿವಾರ ಶಿವಲೀಲವ್ವ ನೆರೆಯ ನಾಲ್ಕು ಹೆಂಗಸರನ್ನು ಕೂಡಿಸಿಕೊಂಡು ಮಾಳಿಗೆಯ ಮೇಲೆ ಶಾವಿಗೆ ಹೊಸೆಯಲು ಕೂತಳು. ಬಿದಿರಿನ ಗಳಗಳ ಮೇಲೆ ಶಾವಿಗೆ ಇಳಿಬಿಟ್ಟು ಒಣಗಲು ಹಾಕಿದ್ದರು. ಮಧ್ಯಾಹ್ನ ಎಲ್ಲಿಂದಲೋ ಧೂಳಿನ ಗಾಳಿ ಎದ್ದು ಬಂತು. ಹೆಂಗಸರು ಕೂಗಾಡುತ್ತಾ ಗಳಗಳನ್ನೆಲ್ಲ ಎತ್ತಿಕೊಂಡು ಬಂದು ನೀಲಾಂಬಿಕಾಳ ಚೊಕ್ಕ ಅಡುಗೆಮನೆಯಲ್ಲೇ ಅಡ್ಡಡ್ಡ ಇಟ್ಟರು. ನಡುವೆ ಶಿವಲೀಲವ್ವ ಬಂದವರಿಗೆ ಉಪ್ಪಿಟ್ಟು ಮಾಡಲು ಒಗ್ಗರಣೆಗೆ ಮೆಣಸಿನಕಾಯಿ ಹಾಕಿದಳು.

ದಿನವೂ ಆ ಹೊಗೆ ನೆಟ್ಟಗೆ ಮೇಲೆ ಹೋಗಿ ಚಿಮಣಿ ಸೇರುತ್ತಿತ್ತು. ಇಂದು ಅದು ಶಾವಿಗೆಯ ಎಳೆಗಳಿಗೆ, ಗಳಗಳಿಗೆ ತಾಗಿ ತಾಗಿ ಒಡೆಯಿತು, ಸುಳಿ ಸುತ್ತಿತು, ಮುದುಡಿತು, ಕ್ಷಣದಲ್ಲಿ ಕೋಣೆ ತುಂಬಿತು. ಎಲ್ಲರೂ ಕೆಮ್ಮುತ್ತಾ ನಗುತ್ತಾ ಹೊರಗೋಡಿದರು. ನೀಲಾಂಬಿಕಾ ಬಾಗಿಲಲ್ಲೇ ನಿಂತಳು. ಮೆಣಸಿನ ಘಾಟಿಗೆ ಕಣ್ಣಲ್ಲಿ ನೀರು ಬರುತ್ತಿದ್ದರೂ ಕದಲಲಿಲ್ಲ.

"ನೀಲಾ, ಹುಚ್ಚೀ, ಹೊರಗ ಬಾ!"

"ಅವ್ವಾ, ಸಣ್ಣ ಮನಿಯವರು ಒಗದ ಅರಬಿ ಎಲ್ಲಿ ಒಣಹಾಕ್ತಾರ?"

"ಎಲ್ಲಿ ಹಾಕ್ತಾರ, ಮನ್ಯಾಗ ಗಳಾ ಕಟ್ಟಿ ಹಾಕ್ತಾರ. ಇದೇನ ಕೇಳೂದು? ನಿಮ್ಮಪ್ಪನ ಮನ್ಯಾಗ ನಾವೂ ಹಂಗ ಇದ್ವಿ. ನೀ ತೊಟ್ಟಲದಾಗ ಇದ್ದಿ."

ನೀಲಾಂಬಿಕಾ ಅಂದೇ ಕೇಂದ್ರಕ್ಕೆ ಹೋದಳು. ಫಕ್ಕೀರವ್ವಳ ಪ್ರಕರಣದ ಕಡತದಲ್ಲಿ ದ್ಯಾಮವ್ವಳ ಕುಬಸದ, ಅಂದರೆ ಸೀಮಂತದ, ಫೋಟೋ ಇತ್ತು. ತವರಿನ ಆ ಕೋಣೆಯಲ್ಲೇ ತೆಗೆದದ್ದು, ಗುರುತಿಗೆಂದು ಪೊಲೀಸರು ಕೊಟ್ಟದ್ದು. ನೀಲಾಂಬಿಕಾ ಅದನ್ನು ಎಷ್ಟೋ ಸಲ ನೋಡಿದ್ದಳು, ನೋಡಿದ್ದೆಲ್ಲ ಹುಡುಗಿಯ ಮುಖ ಮಾತ್ರ. ಈಗ ಅವಳ ಬೆನ್ನ ಹಿಂದೆ ನೋಡಿದಳು. ಗೋಡೆಯಿಂದ ಗೋಡೆಗೆ ಮೂರು ಗಳ, ತುಂಬಾ ಸೀರೆ ಧೋತರ. ಮೇಲೆ ಬಿದಿರಿನ ಅಟ್ಟ. ಮೂಲೆಯಲ್ಲಿ ಬರುವ ಕೂಸಿಗೆಂದು ತಂದಿಟ್ಟ ಕಟ್ಟಿಗೆಯ ತೊಟ್ಟಿಲು. ಬೆಂಕಿಯಾದ ಮೇಲೆ ಕೇಂದ್ರದವರು ಕೋಣೆ ಅಳೆದಾಗ ಇವು ಯಾವುವೂ ಇರಲಿಲ್ಲ. ಎಲ್ಲ ಸುಟ್ಟುಹೋಗಿ ನಾಲ್ಕು ಗೋಡೆ, ಒಂದು ಕಟ್ಟೆ, ನೆಗ್ಗಿದ ಪಾತ್ರೆಗಳು ಉಳಿದಿದ್ದವು. ಉಳಿದದ್ದನ್ನಷ್ಟೇ ಅವರು ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಹಾಳೆಯನ್ನು ಸುಕ್ಕುಗಟ್ಟಿಸಿ ಓಡಿಸಿದ ಸಾಮಾನನ್ನೆಲ್ಲ ಬೆಂಕಿಯೇ ತಿಂದು ಮುಗಿಸಿತ್ತು.

ಮಾರನೆಯ ದಿನ ಅವಳು ಹಿತ್ತಲ ಕಾಂಕ್ರೀಟು ಕೋಣೆಯಲ್ಲಿ ಗಳ ಕಟ್ಟಿಸಿದಳು, ಹಳೆಯ ಸೀರೆಗಳನ್ನು ಹಾಕಿಸಿದಳು, ಅಟ್ಟ ಹೊಡೆಸಿದಳು. ಮೊದಲಿನ ಅರ್ಧಕ್ಕಿಂತಲೂ ಕಡಿಮೆ ಗ್ಯಾಸ್ ತುಂಬಿಸಿದರು. ನಿಯಂತ್ರಣ ಕೊಠಡಿಯ ಗಾಜಿನ ಹಿಂದೆ ನಿರ್ದೇಶಕರಾದ ಆನಂದತೀರ್ಥ ಕಟಗೇರಿಯವರೂ ಬಂದು ನಿಂತರು. ಪರದೆಯ ಮೇಲೆ ಲೆಕ್ಕದ ಬೆಂಕಿ ಮೆಲ್ಲಗೆ ಹಬ್ಬಿ ಬಾಗಿಲನ್ನು ಸ್ವಲ್ಪ ಅಲ್ಲಾಡಿಸಿತು. ಹೊರಗೆ ನಿಜದ ಬಾಗಿಲು ಚೌಕಟ್ಟು ಸಮೇತ ಕಿತ್ತು ಕಂಪೌಂಡಿಗೆ ಬಡಿಯಿತು.

ಕಟಗೇರಿಯವರು ಕನ್ನಡಕ ಒರೆಸಿಕೊಂಡರು.

"ನೋಡ್ರಿ ಯಲಿಗಾರ ಮೇಡಮ್, ಭಾಳ ಮಹತ್ವದ್ದು ಕಂಡುಹಿಡದೀರಿ. ಮುಂದಿನ ಆವೃತ್ತಿಯೊಳಗ ಸೇರಸ್ರಿ. ಒಂದು ಪ್ರಬಂಧ ಬರೀರಿ."

"ಹಿಂದಿನ ಪ್ರಕರಣಗಳು ಸರ್?"

"ಹಿಂದಿನವು ಹಿಂದಿನ ಆವೃತ್ತಿಯವು. ಆಗಿನ ತಿಳಿವಳಿಕೆಗೆ ಅವು ಸರಿನ ಅವ. ಈಗ ಎಲ್ಲಾ ಕೆದರಿದ್ರ ಈ ಕೇಂದ್ರ ಉಳೀತದೇನು? ನಾಳೆ ಯಾರ ನಂಬ್ತಾರ ನಮ್ಮನ್ನ? ವಿಚಾರ ಮಾಡ್ರಿ."

ನೀಲಾಂಬಿಕಾ ವಿಚಾರ ಮಾಡಿದಳು. ಮಾಡಿ, ಒಪ್ಪಿಕೊಂಡಳು. ಇದನ್ನು ಮರೆಮಾಚಿ ಅವಳನ್ನು ದೊಡ್ಡವಳನ್ನಾಗಿ ಮಾಡುವ ಇರಾದೆ ನನಗಿಲ್ಲ. ಪ್ರಬಂಧ ಬರೆದಳು. ಅದರಲ್ಲಿ "ಅಡಚಣೆಗಳಿರುವ ಕೋಣೆಗಳಿಗೆ ಸೂತ್ರದ ಸುಧಾರಣೆ" ಎಂದಿತ್ತು, ತಪ್ಪು ಎಂಬ ಮಾತು ಎಲ್ಲಿಯೂ ಇರಲಿಲ್ಲ. ಹೈದರಾಬಾದಿನ ಸಮ್ಮೇಳನದಲ್ಲಿ ಓದಿದಾಗ ಚಪ್ಪಾಳೆ ಬಿತ್ತು. ವೇದಿಕೆಯಿಂದ ಇಳಿದವಳು ಯಾರ ಮುಖವನ್ನೂ ನೋಡದೆ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾಚಿಕೆ ಎಂದರೆ ಏನೆಂದು ಅವಳಿಗೆ ಅಲ್ಲಿಯತನಕ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಪರೀಕ್ಷೆಯಲ್ಲಿ ಎಂದೂ ಎರಡನೆಯವಳಾಗದವರಿಗೆ ಅದರ ಪರಿಚಯ ತಡವಾಗಿಯೇ ಆಗುತ್ತದೆ.

ಮನೆಗೆ ಬಂದು ತಾಯಿಗೆ ಹೇಳಿಕೊಂಡಳು. ಶಿವಲೀಲವ್ವ ಅಕ್ಕಿ ಹಸನು ಮಾಡುತ್ತಾ ಪೂರ್ತಿ ಕೇಳಿದಳು.

"ಹಂಗಂದ್ರ ಆ ಸೊಸಿದು ಏನೂ ತಪ್ಪಿಲ್ಲ?"

"ಇಲ್ಲ ಅಂತ ಕಾಣಸ್ತೈತಿ."

"ಆಕಿಗೆ ಹೇಳಿದ್ಯಾ?"

"ಅದು ಅಷ್ಟು ಸುಲಭ ಇಲ್ಲವಾ. ಕೇಂದ್ರ, ಕೋರ್ಟು, ಎಲ್ಲಾ..."

"ಕೋರ್ಟಿನ ಮಾತ ಬಿಡು. ನಾ ಇಲ್ಲಿ ಮನಿಮನಿಗೆ ಸಕ್ಕರಿ ಕೊಟ್ಟು ಬಂದೀನಿ. ಯಾತಕ್ಕ ಕೊಟ್ಟೆ ನಾನು? ಒಬ್ಬಾಕಿ ಬಾಳೇ ಹಾಳಾತು ಅಂತ ಕೊಟ್ಟೆನೇನು?" ಶಿವಲೀಲವ್ವ ಮೊರ ಕೆಳಗಿಟ್ಟಳು. "ನನಗ ಲಿಫ್ಟಿನಾಗ ನಿಂದ್ರಾಕ ಮಾರಿ ಇಲ್ಲದಂಗ ಮಾಡಿದಿ."

ಮುಂದಿನ ರವಿವಾರ ಮಧ್ಯಾಹ್ನ ನೀಲಾಂಬಿಕಾ ಯಾರನ್ನೂ ಕೇಳದೆ ಹಳೇ ಹುಬ್ಬಳ್ಳಿಗೆ ಹೋದಳು. ಅದೇ ಓಣಿಯಲ್ಲಿ ಬೇರೆ ಬಾಡಿಗೆ ಕೋಣೆಯಲ್ಲಿ ಅವರಿದ್ದರು. ನಾಗಪ್ಪ ಗುರುತು ಹಿಡಿದು ಗಾಬರಿಯಾಗಿ ಎದ್ದು ನಿಂತ, ಮತ್ತೇನೋ ಕೇಸು ಬಂತೆಂದು. ಕುರ್ಚಿ ಕೊಟ್ಟ. ಯಲ್ಲವ್ವ ಹೊಸ್ತಿಲ ಹತ್ತಿರ ಗೋಡೆಗೆ ಒರಗಿ ಕೂತಿದ್ದಳು. ಫಕ್ಕೀರವ್ವ ಒಲೆಯ ಮುಂದೆ ಇದ್ದಳು. ಒಲೆ ಆರಿಸಿ, ಸಿಲಿಂಡರಿನ ಗುಂಡಿ ತಿರುಗಿಸಿ, ಮತ್ತೊಮ್ಮೆ ಮುಟ್ಟಿ ನೋಡಿ, ಮೂಸಿ ನೋಡಿ, ಆಮೇಲೆ ಈ ಕಡೆ ತಿರುಗಿದಳು. ತಲೆಯ ಮೇಲೆ ಗಳಗಳ ತುಂಬ ಬಟ್ಟೆ ಒಣಗುತ್ತಿತ್ತು. ನೀಲಾಂಬಿಕಾ ಬಗ್ಗಿ ಕೂರಬೇಕಾಯಿತು.

"ಮರುಜ್ವಾಲೆಯ ಮಾದರಿಯೊಳಗ ಒಂದು ದೋಷ ಕಂಡುಬಂದೈತ್ರಿ," ಎಂದು ಶುರುಮಾಡಿದಳು.

"ದೋಷ ಅಂದ್ರ?" ಯಲ್ಲವ್ವ ಕೇಳಿದಳು. "ಮಿಷನ್ನಿನ ತಪ್ಪೋ, ಮನಶ್ಯಾರ ತಪ್ಪೋ?"

ನೀಲಾಂಬಿಕಾ ಯಲ್ಲವ್ವಳ ಕಡೆ ತಿರುಗಿದಳು. "ನನ್ನ ತಪ್ಪರಿ. ಲೆಕ್ಕಾ ಹಾಕುವಾಗ ನಾ ನಿಮ್ಮ ಮನಿ ಖಾಲಿ ಅಂತ ತಿಳಕೊಂಡೆ. ಗಳಾ, ಅರಬಿ, ಅಟ್ಟ, ತೊಟ್ಟಲಾ, ಏನೂ ಇಲ್ಲಂತ. ಅವು ಇದ್ರ ಸ್ವಲ್ಪ ಗ್ಯಾಸಿಗೂ ಬೆಂಕಿ ಹಂಗ ಜೋರಾಗ್ತೈತಿ. ಒಲಿ ತೆರೆದೇ ಇರಬೇಕಂತಿಲ್ಲ. ಪೈಪಿನ್ಯಾಗ ಸಣ್ಣ ಸೀಳು ಬಿಟ್ಟಿದ್ರೂ ಸಾಕಿತ್ತು. ಇವರು ಮೊದಲ ದಿನ ಏನ ಹೇಳಿದ್ರೋ ಅದಕ್ಕ ನಮ್ಮ ಲೆಕ್ಕದಾಗ ಈಗ ಯಾವ ಅಡ್ಡಿನೂ ಇಲ್ಲ. ನಾ ಇದನ್ನ ಕೋರ್ಟಿಗೂ ಬರದು ಕೊಡ್ತೀನಿ."

ಬಾಗಿಲಲ್ಲಿ ಓಣಿಯ ಇಬ್ಬರು ಹೆಂಗಸರು ಬಂದು ನಿಂತಿದ್ದರು. ಫಕ್ಕೀರವ್ವ ಎಲ್ಲರನ್ನೂ ಒಮ್ಮೆ ನೋಡಿ, ತಲೆಯಾಡಿಸಿದಳು.

"ಇಲ್ರಿ," ಎಂದಳು. "ನಾ ಬಂದ್ ಮಾಡಿರ್ಲಿಲ್ಲ."

"ನೀವ ಹೇಳಿದ್ರಲ್ಲ, ಕೈಯಾರೆ ತಿರುವೇನಂತ?"

"ಆವಾಗ ಹಂಗನಿಸಿತ್ರಿ. ಆಮ್ಯಾಲ ನೆನಪಾತು. ಈಗೂ ಕಣ್ಣಮುಂದ ಐತಿ. ಹಸರ ಸೀರಿ ಉಟ್ಟಿದ್ದೆ. ಒಲಿಮುಂದಿಂದ ಎದ್ದೆ. ಗುಂಡಿ ಮುಟ್ಟಲಿಲ್ಲ. ಕೊಡಾ ತಗೊಂಡು ಹೋದೆ. ನಿದ್ದಿಗಣ್ಣಾಗ ಕೇಳಿದ್ರೂ ಹೇಳ್ತೀನಿ."

ನಾಗಪ್ಪ ಹೆಂಡತಿಯನ್ನು ದಿಟ್ಟಿಸಿ ನೋಡಿದ. "ಹಸರ ಸೀರಿ ಎಲ್ಲಿತ್ತ ನಿನ್ನ ಕಡೆ?" ಎಂದು ಮೆಲ್ಲಗೆ ಕೇಳಿದ.

ನೀಲಾಂಬಿಕಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಹಿಡಿದಿದ್ದಳು. ಎದ್ದು ಓಡಿಹೋಗಬೇಕೆನಿಸಿತು. "ಆ ಬಣ್ಣ ನಮ್ಮ ಆಫೀಸಿನವರು ಆರಿಸಿದ್ದು," ಎಂದಳು. "ಆ ಚಿತ್ರದಾಗ ಬೆಂಕಿ ಒಂದೇ ಲೆಕ್ಕದ್ದು. ಹೆಣ್ಮಗಳು ಲೆಕ್ಕದಾಗ ಇರ್ಲಿಲ್ಲ. ನ್ಯಾಯಾಧೀಶರಿಗೆ ತಿಳೀಲಿ ಅಂತ ನಾವ ಬರದು ಕೂಡಿಸಿದ್ವಿ. ಆಕಿ ನೀವಲ್ಲ. ಆಕಿ ಯಾರೂ ಅಲ್ಲ."

ಯಲ್ಲವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ಅವಳ ಬೆನ್ನು ಅಲುಗುತ್ತಿತ್ತು. ಸೊಸೆಯ ಕಡೆ ತಿರುಗುವ ಧೈರ್ಯ ಅವಳಿಗಾಗಲಿಲ್ಲ, ಅವಳನ್ನು ಕರೆಯಲು ಯಾರಿಗೂ ಆಗಲಿಲ್ಲ. ಫಕ್ಕೀರವ್ವ ಕಣ್ಣು ಮುಚ್ಚಿ ನಿಂತಳು. ಬಲಗೈಯನ್ನು ಗಾಳಿಯಲ್ಲಿ ಸ್ವಲ್ಪ ಮುಂದೆ ಚಾಚಿ, ಗುಂಡಿ ಹಿಡಿದಂತೆ ಬೆರಳು ಕೂಡಿಸಿ, ತಿರುಗಿಸಲು ನೋಡಿದಳು. ಮತ್ತೊಮ್ಮೆ ನೋಡಿದಳು. ಆಮೇಲೆ ಕೈ ಕೆಳಗಿಳಿಸಿದಳು.

"ತಿರುವಿದ್ದು ನೆನಪಿಗೆ ಬರವಲ್ದರಿ," ಎಂದಳು. "ಆ ಹಸರ ಸೀರಿಯಾಕಿನ ಬರ್ತಾಳ."

ನೀಲಾಂಬಿಕಾ ಕೈಮುಗಿದಳು. ಹೊರಡಲು ಎದ್ದಾಗ ಫಕ್ಕೀರವ್ವ ಬಾಗಿಲ ತನಕ ಬಂದಳು.

"ಇಂಥಾ ಚಿತ್ರಾ ಇನ್ನ ಎಷ್ಟ ಮನಿಗೆ ಮಾಡಿ ಕೊಟ್ಟೀರಿ?"

"ಭಾಳ ಮನಿಗೆ ಕೊಟ್ಟೀವಿ."

"ಎಲ್ಲಾ ಕಡೆನೂ ಹೆಣ್ಮಕ್ಕಳನ ಏನ್ರಿ?"

ನೀಲಾಂಬಿಕಾ ಒಂದೊಂದೇ ಪ್ರಕರಣ ನೆನಪಿಸಿಕೊಂಡಳು. ಬಣ್ಣ ಬದಲಾಗಿತ್ತು, ಸೀರೆ ಬದಲಾಗಿರಲಿಲ್ಲ. "ಹೂಂ," ಎಂದಳು. "ಎಲ್ಲಾ ಕಡೆನೂ."

"ಹಂಗಾರ ಲಗೂ ಹೋಗ್ರಿ," ಎಂದಳು ಫಕ್ಕೀರವ್ವ. "ಅವರಿಗೂ ಈಗ ಎಲ್ಲಾ ನೆನಪಾಗಿರ್ತೈತಿ."